ಇನ್ನೊಂದು ಸಹಸ್ರಲಿಂಗವನ್ನು ಹುಡುಕಿಕೊಂಡು

ಶಿರಸಿ ಸೀಮೆಯವರಿಗೆ ಸಹಸ್ರಲಿಂಗವನ್ನು ಪರಿಚಯಿಸುವ ಅಗತ್ಯವಿಲ್ಲ. ಯಲ್ಲಾಪುರ ರಸ್ತೆಯಿಂದ ಒಳಕ್ಕೆ ತಿರುಗಿ ಇಳಿದು ಹೋದರೆ, ಶಾಲ್ಮಲೆಯ ಪಾತ್ರದಲ್ಲಿ ಕಾಣುವ ಬಂಡೆಗಳ ಮೇಲೆಲ್ಲ ಲಿಂಗಗಳು, ಅವುಗಳನ್ನು ನೋಡುತ್ತ ಕುಳಿತ ಬಸವಗಳು. ಸೋದೆಯನ್ನು 1678ರಿಂದ 1718ರವರೆಗೆ ಆಳಿದ ಸದಾಶಿವರಾಯ ಅವನ್ನು ಕೆತ್ತಿಸಿದನೆಂದು ಹೇಳುತ್ತಾರೆ. ಶಾಲೆಯ ವನಭೋಜನಕ್ಕೆ ಹೋದಾಗ ಲಿಂಗವೊಂದರ ಮೇಲೆ ಒದ್ದೆ ಚಡ್ಡಿ ಒಣಹಾಕಿ ಮಾಸ್ತರರಿಂದ ಪೆಟ್ಟು ತಿಂದವರಲ್ಲಿ ನಾನೂ ಒಬ್ಬ. ಕಾಂಬೋಡಿಯಾದ ಕಾಡಿನ ಹೊಳೆಯೊಂದರ ತಳದಲ್ಲೂ ಇಂಥವೇ ಸಾವಿರ ಲಿಂಗಗಳಿವೆ, ಅವು ನಮ್ಮವಕ್ಕಿಂತ ಆರುನೂರು ವರ್ಷಗಳಷ್ಟು ಹಳೆಯವು ಎಂಬ ಸಂಗತಿಯನ್ನು ನಮ್ಮ ಭಾವ ಎಲ್ಲಿಯೋ ಓದಿ ಬಂದು ಹೇಳಿದ ದಿನ, ಅಡಿಕೆ ಸುಲಿಯುವ ಚಪ್ಪರದಲ್ಲಿ ಕುಳಿತಿದ್ದವರ ನಡುವೆ ಅದು ಚರ್ಚೆಯಾಗಿ, ಕೊನೆಗೆ "ಒಂದ್ಸಲ ನೋಡ್ಕಂಡೇ ಬಪ್ಪನ" ಎಂಬಲ್ಲಿಗೆ ಬಂದು ನಿಂತಿತು.

ಹೊರಟವರು ಒಂಬತ್ತು ಮಂದಿ. ಭಾವ ಮತ್ತು ಅಕ್ಕ, ಕುಮಟೆಯ ನಿವೃತ್ತ ಅಕ್ಕೋರು ಮತ್ತು ಅವರ ಗೆಳತಿ, ಅಂಕೋಲೆಯ ಡಾಕ್ಟರ್ ದಂಪತಿ, ಮೀನಿಲ್ಲದ ಊಟವನ್ನು ಊಟವೆಂದೇ ಒಪ್ಪದ ಕಾರವಾರದ ಇಬ್ಬರು ಗೆಳೆಯರು, ಮತ್ತು ನಾನು. 2024ರ ಜನವರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು: ಅಲ್ಲಿಯೂ ಮಳೆಗಾಲದಲ್ಲಿ ಹೊಳೆ ತುಂಬಿ ಕೆತ್ತನೆ ಕಾಣುವುದು ಕಷ್ಟ, ಬಿರುಬೇಸಿಗೆಯಲ್ಲಿ ನೀರೇ ಇರುವುದಿಲ್ಲ.

ಮೊದಲನೆಯ ದಿನ

ಶಿರಸಿಯಿಂದ ರಾತ್ರಿ ಬಸ್ಸು, ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನ, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಸಿಯೆಮ್ ರೀಪ್. ಊರಿಗೆ ಹತ್ತಿರವಿದ್ದ ಹಳೆಯ ವಿಮಾನ ನಿಲ್ದಾಣವನ್ನು ಮುಚ್ಚಿ, 2023ರ ಅಕ್ಟೋಬರಿನಲ್ಲಿ ದೂರದ ಗದ್ದೆಬಯಲಿನಲ್ಲಿ ಹೊಸದನ್ನು ತೆರೆದಿರುವುದರಿಂದ ಊರು ತಲುಪಲು ಇನ್ನೂ ಒಂದು ಗಂಟೆ ಹಿಡಿಯಿತು.

ಟಿಕೆಟ್ಟು ಮಾಡಿಸಿದ ಏಜೆಂಟರು ಸಸ್ಯಾಹಾರಿಗಳಿಗೆ ಎಲ್ಲ ವ್ಯವಸ್ಥೆಯೂ ಆಗಿದೆಯೆಂದು ಬರೆದುಕೊಟ್ಟಿದ್ದರು. ರಾತ್ರಿ ಬಡಿಸಿದ ಸೊಪ್ಪಿನ ಪಲ್ಯವನ್ನು ಅಕ್ಕ ಮೂಗಿನ ಹತ್ತಿರ ಒಯ್ದವಳು ಹಾಗೆಯೇ ಕೆಳಗಿಟ್ಟಳು. ಅದಕ್ಕೆ ಉಪ್ಪಿನ ಬದಲು ಮೀನಿನ ರಸ ಹಾಕಿದ್ದರು. "ಮೀನು ಹಾಕಿಲ್ಲವಲ್ಲ, ಬರೀ ನೀರು" ಎಂದು ಗೈಡ್ ಪ್ರಾಮಾಣಿಕವಾಗಿಯೇ ಹೇಳಿದ. ಸಮುದ್ರದ ಕಡೆಯವರು ನಕ್ಕರು, ಘಟ್ಟದ ಮೇಲಿನವರು ಅವಲಕ್ಕಿಯ ಡಬ್ಬ ಬಿಚ್ಚಿದರು. ಅಂದಿನಿಂದ "ಒತ್ ಸಾಚ್, ಒತ್ ತ್ರೈ", ಅಂದರೆ ಮಾಂಸ ಬೇಡ, ಮೀನು ಬೇಡ ಎಂಬ ಎರಡು ಮಾತುಗಳನ್ನು ಅಕ್ಕ ಮಂತ್ರದಂತೆ ಬಾಯಿಪಾಠ ಮಾಡಿಕೊಂಡಳು.

ಎರಡನೆಯ ದಿನ

ಅಂಗ್ಕೋರ್ ವಾಟಿನ ಕುರಿತು ಬರೆಯದವರಿಲ್ಲ, ಆದ್ದರಿಂದ ನಾನು ಬೇಗ ಮುಗಿಸುತ್ತೇನೆ. ಮೂರು ದಿನಗಳ ಪಾಸಿಗೆ ತಲೆಗೆ 62 ಡಾಲರ್ ತೆತ್ತು, ಸೂರ್ಯೋದಯ ನೋಡಲು ಕೊಳದ ದಂಡೆಯಲ್ಲಿ ನೂರಾರು ಮೊಬೈಲುಗಳ ಹಿಂದೆ ನಿಂತು, ಗೋಪುರಕ್ಕಿಂತ ಹೆಚ್ಚು ಜನರ ತಲೆಗಳನ್ನೇ ನೋಡಿದೆವು. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ ಈ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆ. ಸಮುದ್ರಮಥನದ ಉಬ್ಬುಶಿಲ್ಪದ ಉದ್ದ 49 ಮೀಟರ್, ವಾಸುಕಿಯನ್ನು ಒಂದು ಕಡೆ 92 ಅಸುರರೂ ಇನ್ನೊಂದು ಕಡೆ 88 ದೇವತೆಗಳೂ ಹಿಡಿದೆಳೆಯುತ್ತಾರೆ. ಅಕ್ಕೋರು ನಂಬದೆ ಎಣಿಸಿದರು, ಅರ್ಧಕ್ಕೆ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದರು.

ಭಾವನ ಗಮನ ಬೇರೆ ಕಡೆಗಿತ್ತು. ಹೊರಗಿನ ಪ್ರಾಕಾರದ ಗೋಡೆಯ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ತೂತು ತೂತಾದ ಕೆಂಪು ಕಲ್ಲನ್ನು ಬೆರಳಿನಿಂದ ಉಜ್ಜಿ, "ಇದು ನಮ್ಮ ಚಿರೆಕಲ್ಲೇ ಸೈ" ಎಂದ. ಹೌದು. ಕುಮಟಾ ಹೊನ್ನಾವರದ ಮನೆಗಳಿಗೂ ಮಿರ್ಜಾನ ಕೋಟೆಗೂ ಬಳಸಿದ ಅದೇ ಚಿರೆಕಲ್ಲು. ನೆಲದೊಳಗಿರುವಾಗ ಕೊಡಲಿಗೆ ಸಿಗುವಷ್ಟು ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ಆ ಕಲ್ಲನ್ನು ಇಲ್ಲಿಯ ಜನರಾದ ಖ್ಮೇರರು ತಳಪಾಯಕ್ಕೂ ಪ್ರಾಕಾರಕ್ಕೂ ಇಟ್ಟುಕೊಂಡು, ಕೆತ್ತನೆಗೆ ಮಾತ್ರ ಕುಲೆನ್ ಬೆಟ್ಟದ ತಪ್ಪಲಿನ ಮರಳುಗಲ್ಲನ್ನು ತಂದರು.

ಮೂರನೆಯ ದಿನ

ಇಲ್ಲಿಂದ ಪೇಟೆ ಹಿಂದೆ ಉಳಿಯಿತು. ಬೆಂಗ್ ಮೀಲಿಯಾ ಅಂಗ್ಕೋರ್ ವಾಟಿನಿಂದ ಪೂರ್ವಕ್ಕೆ 40 ಕಿಲೋಮೀಟರು. ಹೆಚ್ಚುಕಡಿಮೆ ಅದೇ ಶೈಲಿಯ ದೇವಾಲಯ, ಆದರೆ ಇದನ್ನು ಯಾರೂ ಮತ್ತೆ ಎತ್ತಿ ನಿಲ್ಲಿಸಿಲ್ಲ. ಬಿದ್ದ ಚಾವಣಿಯ ಕಲ್ಲುರಾಶಿಯ ಮೇಲೆ ಹಾಕಿದ ಮರದ ಅಟ್ಟಣಿಗೆಯಲ್ಲಿ ನಡೆಯುತ್ತಿದ್ದರೆ, ಕಿಟಕಿಯಿಂದ ಒಳಹೊಕ್ಕು ಬಾಗಿಲಿನಿಂದ ಹೊರಬಂದ ಬೇರುಗಳು ಗೋಡೆಯನ್ನು ಬೀಳಿಸುತ್ತಿವೆಯೋ ಬೀಳದಂತೆ ಹಿಡಿದಿವೆಯೋ ಹೇಳಲಾಗುವುದಿಲ್ಲ. ದಾರಿಯಾಚೆ ಕಾಲಿಡಬಾರದೆಂದು ಗೈಡ್ ಎರಡು ಸಲ ಹೇಳಿದ. ನೆಲಬಾಂಬುಗಳನ್ನು ತೆಗೆದ ಮೇಲೆಯೇ ಇದನ್ನು ಪ್ರವಾಸಿಗರಿಗೆ ತೆರೆದದ್ದು, ಆದರೂ ತೆಗೆದ ದಾರಿಯಲ್ಲಿ ನಡೆಯುವುದು ಈ ದೇಶದಲ್ಲಿ ಶಿಷ್ಟಾಚಾರವಲ್ಲ, ಅಭ್ಯಾಸ.

ಮಧ್ಯಾಹ್ನದ ಹೊತ್ತಿಗೆ ಕೋ ಕೇರ್. ನಾಲ್ಕನೆಯ ಜಯವರ್ಮ ರಾಜಧಾನಿಯನ್ನು ಅಂಗ್ಕೋರಿನಿಂದ ಕಿತ್ತು ಇಲ್ಲಿ ಊರಿದ್ದು 928ರಲ್ಲಿ, 944ರಲ್ಲಿ ಅದು ಮತ್ತೆ ಅಂಗ್ಕೋರಿಗೇ ಮರಳಿತು. ಶಾಸನಗಳು ಈ ಊರನ್ನು ಲಿಂಗಪುರವೆಂದೂ ಕರೆದಿವೆ. ಏಳು ಅಂತಸ್ತಿನ, 36 ಮೀಟರ್ ಎತ್ತರದ ಕಲ್ಲಿನ ಪಿರಮಿಡ್ಡನ್ನು ಪಕ್ಕದ ಮರದ ಮೆಟ್ಟಿಲುಗಳಿಂದ ಹತ್ತಿದರೆ, ನಾಲ್ಕೂ ದಿಕ್ಕಿಗೆ ಕಾಡು ಬಿಟ್ಟು ಬೇರೇನೂ ಕಾಣುವುದಿಲ್ಲ. ಯುನೆಸ್ಕೊ ಪಟ್ಟಿಗೆ ಸೇರಿ ನಾಲ್ಕು ತಿಂಗಳಾಗಿತ್ತಷ್ಟೆ. ಇಡೀ ಆವರಣದಲ್ಲಿ ನಮ್ಮ ಹೊರತಾಗಿ ಇದ್ದವರು ಒಂದು ಫ್ರೆಂಚ್ ಕುಟುಂಬ ಮತ್ತು ಎಳನೀರು ಮಾರುವ ಹೆಂಗಸು.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪಿರಮಿಡ್ಡಲ್ಲ, ಪ್ರಾಸಾತ್ ಚೆನ್ ಎಂಬ ಸಣ್ಣ ಗುಡಿ. ಪ್ರಾಸಾದ ಎಂಬ ನಮ್ಮ ಶಬ್ದವೇ ಅಲ್ಲಿ ಪ್ರಾಸಾತ್ ಆಗಿದೆ. ಭೀಮ ಮತ್ತು ದುರ್ಯೋಧನ ಗದಾಯುದ್ಧಕ್ಕೆ ನಿಂತ, ಬಲರಾಮನೂ ಪಾಂಡವರೂ ಸುತ್ತ ಕುಳಿತು ನೋಡುವ ಶಿಲ್ಪಸಮೂಹವೊಂದು ಸಾವಿರ ವರ್ಷ ಅಲ್ಲಿತ್ತು. 1970ರ ದಶಕದ ಅಂತರ್ಯುದ್ಧದ ಗದ್ದಲದಲ್ಲಿ ಕಳ್ಳರು ಇಬ್ಬರು ವೀರರನ್ನೂ ಕಣಕಾಲಿನ ಹತ್ತಿರ ಕಡಿದು ಒಯ್ದರು, ಪೀಠದ ಮೇಲೆ ಪಾದಗಳಷ್ಟೇ ಉಳಿದವು. ಆ ಪಾದಗಳೇ ಕೊನೆಗೆ ಸಾಕ್ಷಿ ನುಡಿದವು. 2011ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದ ದುರ್ಯೋಧನನ ಕಾಲು ಈ ಪೀಠಕ್ಕೆ ಹೊಂದುತ್ತದೆಂದು ತೋರಿಸಿ ಹರಾಜನ್ನು ತಡೆಯಲಾಯಿತು, 2014ರಲ್ಲಿ ದುರ್ಯೋಧನನೂ ಕ್ಯಾಲಿಫೋರ್ನಿಯಾದ ಮ್ಯೂಸಿಯಮ್ಮಿನಲ್ಲಿದ್ದ ಭೀಮನೂ ದೇಶಕ್ಕೆ ಮರಳಿ, ಈಗ ನೋಂ ಪೆನ್ ನಗರದ ರಾಷ್ಟ್ರೀಯ ಸಂಗ್ರಹಾಲಯದಲ್ಲಿದ್ದಾರೆ. ಗದಾಯುದ್ಧದ ಆಟವನ್ನು ಬೆಳಗಿನ ಜಾವದವರೆಗೆ ಕಣ್ಣುಜ್ಜಿಕೊಂಡು ನೋಡುತ್ತಲೇ ಬೆಳೆದ ಜಿಲ್ಲೆಯ ನಾವು ಒಂಬತ್ತು ಜನ, ಆ ಖಾಲಿ ರಂಗಸ್ಥಳದೆದುರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆವು. ಅಂಕೋಲೆಯ ಡಾಕ್ಟರು ಮೆಲ್ಲಗೆ, ತಮ್ಮಷ್ಟಕ್ಕೇ, ಕೌರವ ಸರೋವರದಿಂದ ಎದ್ದು ಬರುವ ಪದ್ಯದ ತಾಳವನ್ನು ತೊಡೆಯ ಮೇಲೆ ಹಾಕುತ್ತಿದ್ದುದನ್ನು ನಾನು ನೋಡಿದೆ.

ನಾಲ್ಕನೆಯ ದಿನ

ಪ್ರೆಯಾ ವಿಹಿಯರ್ ಥಾಯ್ಲೆಂಡಿನ ಗಡಿಯಲ್ಲಿ, ದಾಂಗ್ರೆಕ್ ಬೆಟ್ಟಸಾಲಿನ ಕಡಿದಾದ ಅಂಚಿನಲ್ಲಿದೆ. ತಪ್ಪಲಿನಲ್ಲಿ ಪಾಸ್‌ಪೋರ್ಟು ತೋರಿಸಿ, ನಮ್ಮ ವ್ಯಾನನ್ನು ಬಿಟ್ಟು, ಸ್ಥಳೀಯರ ಪಿಕಪ್ಪಿನ ಹಿಂಬದಿಯಲ್ಲಿ ಹಲಗೆ ಹಿಡಿದು ಕುಳಿತೆವು. ದೇವಿಮನೆ ಘಟ್ಟವನ್ನು ಲಾರಿಯ ಮೇಲೆ ಕುಳಿತು ಹತ್ತಿದವನೆಂದು ಹೇಳಿಕೊಳ್ಳುತ್ತಿದ್ದ ಕಾರವಾರದ ಗೆಳೆಯ ಮೂರನೆಯ ತಿರುವಿನ ನಂತರ ಮಾತು ನಿಲ್ಲಿಸಿದ.

ಶಿಖರೇಶ್ವರನೆಂಬ ಹೆಸರಿನ ಶಿವನ ಈ ದೇವಾಲಯ ಎತ್ತರದ ಗೋಪುರವಲ್ಲ, ಉದ್ದನೆಯ ದಾರಿ. ಸುಮಾರು 800 ಮೀಟರ್ ದೂರ, ಒಂದರ ಮೇಲೊಂದು ಐದು ಗೋಪುರದ್ವಾರಗಳನ್ನು ದಾಟುತ್ತ, ಮೆಟ್ಟಿಲು ಏರುತ್ತ ಹೋದರೆ ಗರ್ಭಗುಡಿ ಬರುತ್ತದೆ, ಅದರ ಹಿಂದೆ ನೆಲವೇ ಮುಗಿದು 500 ಮೀಟರಿಗೂ ಹೆಚ್ಚು ಕೆಳಗೆ ಕಾಂಬೋಡಿಯಾದ ಬಯಲು ಹಾಸಿದೆ. ಹೇಗೆ ದೇವರು ಕಾಡಿನ ಕೊನೆಯವರೆಗೆ ನಡೆದುಬಂದು ಅಂಚಿನಲ್ಲಿ ನಿಂತುಬಿಟ್ಟಿದ್ದಾನೋ ಹಾಗೆ. ಇದು ಯಾರದೆಂಬ ವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 1962ರಲ್ಲಿ ಕಾಂಬೋಡಿಯಾದ ಪರವಾಗಿ ತೀರ್ಪಿತ್ತಿತು, 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಮೂರು ವರ್ಷ ಗುಂಡಿನ ಕಾಳಗ ನಡೆಯಿತು. ನಾವು ಹೋದಾಗ ಮರಳಿನ ಚೀಲಗಳ ಹಿಂದೆ ಸೈನಿಕನೊಬ್ಬ ಜೋಲಿಯಲ್ಲಿ ಮಲಗಿ ಮೊಬೈಲು ನೋಡುತ್ತಿದ್ದ. ಅಕ್ಕೋರು ಕೊಟ್ಟ ಹಲಸಿನ ಹಪ್ಪಳವನ್ನು ಅನುಮಾನದಿಂದ ಮುರಿದು ತಿಂದು, ಇನ್ನೊಂದಕ್ಕೆ ಕೈ ಚಾಚಿದ. 2025ರ ಜುಲೈಯಲ್ಲಿ ಅದೇ ಗಡಿಯಲ್ಲಿ ಮತ್ತೆ ಯುದ್ಧ ಹೊತ್ತಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಜೋಲಿ.

ಐದನೆಯ ದಿನ

ಹಿಂದಿರುಗುವ ದಾರಿ ದೀರ್ಘ, ಬಿಸಿಲು, ಕೆಂಪು ಧೂಳು. ಸಂಜೆ ಸಿಯೆಮ್ ರೀಪಿನಲ್ಲಿ ಅಪೋಪೊ ಸಂಸ್ಥೆಯ ಇಲಿಗಳನ್ನು ನೋಡಿದೆವು. ಬೆಕ್ಕಿನಷ್ಟು ಉದ್ದದ ಆಫ್ರಿಕಾದ ಈ ಹೆಗ್ಗಣಗಳಿಗೆ ಸ್ಫೋಟಕದ ವಾಸನೆ ಹಿಡಿಯಲು ಕಲಿಸಿದ್ದಾರೆ. ನೆಲಬಾಂಬು ಸಿಡಿಯುವಷ್ಟು ತೂಕ ಅವುಗಳಿಗಿಲ್ಲ. ಲೋಹಶೋಧಕ ಹಿಡಿದ ಮನುಷ್ಯನಿಗೆ ದಿನಗಟ್ಟಲೆ ಹಿಡಿಯುವ ಜಾಗವನ್ನು ಅರ್ಧ ಗಂಟೆಯಲ್ಲಿ ಮೂಸಿ ಮುಗಿಸುತ್ತವೆ, ಸಂಬಳ ಬಾಳೆಹಣ್ಣು. ಮಗಾವಾ ಎಂಬ ಇಲಿಗೆ 2020ರಲ್ಲಿ ಬ್ರಿಟನ್ನಿನ ಸಂಸ್ಥೆಯೊಂದು ಚಿನ್ನದ ಪದಕವನ್ನೂ ಕೊಟ್ಟಿದೆ. ವರ್ಷವಿಡೀ ಎಳನೀರು ಕೊರೆಯುವ ಇಲಿಗಳ ಮೇಲೆ ಯುದ್ಧ ಸಾರಿರುವ ಭಾವನಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು.

ಆರನೆಯ ದಿನ

ಕುಲೆನ್ ಎಂದರೆ ಖ್ಮೇರ್ ಭಾಷೆಯಲ್ಲಿ ಲಿಚಿ ಹಣ್ಣು. ಹಳೆಯ ಹೆಸರು ಮಹೇಂದ್ರಪರ್ವತ. 802ರಲ್ಲಿ ಎರಡನೆಯ ಜಯವರ್ಮ ಇಲ್ಲಿ ಹಿರಣ್ಯದಾಮನೆಂಬ ಬ್ರಾಹ್ಮಣನಿಂದ ವಿಧಿ ಮಾಡಿಸಿ ಚಕ್ರವರ್ತಿಯಾದನೆಂದು ಹನ್ನೊಂದನೆಯ ಶತಮಾನದ ಶಾಸನವೊಂದು ಹೇಳುತ್ತದೆ, ಅಂಗ್ಕೋರಿನ ಕಥೆ ಶುರುವಾಗುವುದು ಅಲ್ಲಿಂದ. ಕಾಡು ಮುಚ್ಚಿದ್ದ ಆ ನಗರದ ಬೀದಿಗಳ ಗೆರೆಗಳು ಕಂಡದ್ದು 2012ರಲ್ಲಿ, ಹೆಲಿಕಾಪ್ಟರಿನಿಂದ ಲೇಸರ್ ಕಿರಣ ಬಿಟ್ಟು ಅಳೆದಾಗ.

ಜಲಪಾತದ ಹತ್ತಿರ ಪ್ರವಾಸಿಗರ ಸಂತೆ. ಅದನ್ನು ಬಿಟ್ಟು, ಆನೆಕೊಳವೆಂಬ ಅರ್ಥದ ಸ್ರಾ ದಾಮ್ರೈಗೆ ಹೊರಟೆವು. ದಾರಿಗೆ ಜೀಪು ಹೋಗುವುದಿಲ್ಲ. ಒಂಬತ್ತು ಬೈಕು, ಒಂಬತ್ತು ಹುಡುಗರು, ಹಿಂದೆ ನಾವು. ಉಸುಕಿನ ಕಾಲುದಾರಿಯಲ್ಲಿ ಬೈಕಿನ ಹಿಂಗಾಲು ಮೀನಿನ ಬಾಲದಂತೆ ಆಡುತ್ತಿತ್ತು. ಮುಕ್ಕಾಲು ದಾರಿಯಲ್ಲಿ ನನ್ನ ಬೈಕು ಬಳ್ಳಿಗೆ ಸಿಕ್ಕಿ ಮಗುಚಿ, ಬಿಸಿ ಸೈಲೆನ್ಸರ್ ಮೀನಖಂಡಕ್ಕೆ ತಾಗಿತು. ಡಾಕ್ಟರು ನೀರು ಸುರಿಯುತ್ತಿದ್ದಾಗ, ಬೈಕಿನ ಹುಡುಗ ತನ್ನ ಕಾಲಿನ ಅದೇ ಜಾಗದಲ್ಲಿದ್ದ ಅದೇ ಆಕಾರದ ಹಳೆಯ ಕಲೆ ತೋರಿಸಿ ನಕ್ಕ. ಅಲ್ಲಿಗೆ ನನ್ನ ದೂರು ಮುಗಿಯಿತು. ಬಂಡೆಯೊಂದನ್ನೇ ಕಡೆದು ನಿಲ್ಲಿಸಿದ ಆನೆ ಕಾಡಿನ ನಡುವೆ ಒಂಟಿಯಾಗಿ ನಿಂತಿದೆ, ಪಕ್ಕದಲ್ಲಿ ಸಿಂಹಗಳು. ಕುಂಟುತ್ತ ಬಂದದ್ದಕ್ಕೆ ನಷ್ಟವಿಲ್ಲ.

ಕುಲೆನ್ ಮೇಲೆಯೂ ಹೊಳೆಯೊಂದರ ತಳದಲ್ಲಿ ಲಿಂಗಗಳಿವೆ. ಆದರೆ ಅಲ್ಲಿ ನೀರು ಮಂದ, ಜನ ಬಹಳ. ಗೈಡ್ ನಮ್ಮ ಮುಖ ನೋಡಿ, "ನಾಳೆ" ಎಂದ.

ಏಳನೆಯ ದಿನ

ಬೆಳಿಗ್ಗೆ ದಾರಿಯ ಬದಿಯ ಹಳ್ಳಿಯಲ್ಲಿ ವ್ಯಾನು ನಿಲ್ಲಿಸಲು ಅಕ್ಕ ಹಟ ಹಿಡಿದಳು, ಮೂಗಿಗೆ ಆಲೆಮನೆಯ ವಾಸನೆ ಬಡಿದಿತ್ತು. ಅಗಲ ಬಾಣಲೆಯಲ್ಲಿ ತಾಳೆಮರದ ರಸ ಕುದಿಯುತ್ತಿತ್ತು. ಒಡತಿ ಮರದ ಸೌಟಿನಿಂದ ತಿರುವುತ್ತ, ಎಳೆ ಬಂತೋ ಎಂದು ಎತ್ತಿ ನೋಡುತ್ತಿದ್ದ ರೀತಿಗೂ ನಮ್ಮೂರಿನಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವರ ರೀತಿಗೂ ವ್ಯತ್ಯಾಸವಿರಲಿಲ್ಲ. ಅಕ್ಕ ಬೆರಳದ್ದಿ ನೆಕ್ಕಿ, "ಜೋನಿಬೆಲ್ಲದ ತಂಗಿ" ಎಂದು ತೀರ್ಪು ಕೊಟ್ಟಳು. ಮೂಲೆಯಲ್ಲಿ ಕುಳಿತ ಅಜ್ಜಿಯ ತುಟಿ ಕೆಂಪಾಗಿತ್ತು. ಭಾವ ಕವಳದ ಸಂಚಿ ಬಿಚ್ಚಿ ಶಿರಸಿಯ ಅಡಿಕೆ ಹೋಳು ನೀಡಿದ. ಅಜ್ಜಿ "ಸ್ಲಾ" ಎಂದಳು, ಅಡಿಕೆಗೆ ಅವರ ಹೆಸರು ಅದು. ಜಗಿದು ನೋಡಿ ತಲೆದೂಗಿದ್ದು ಹೊಗಳಿಕೆಗೋ ಸೌಜನ್ಯಕ್ಕೋ ತಿಳಿಯಲಿಲ್ಲ, ಭಾವ ಮಾತ್ರ ಹೊಗಳಿಕೆಯೆಂದೇ ಲೆಕ್ಕಕ್ಕೆ ಹಿಡಿದ.

967ರಲ್ಲಿ ಪ್ರತಿಷ್ಠೆಯಾದ ಬಂತಿಯೇ ಸ್ರೈ ಗುಡಿಯ ಗುಲಾಬಿ ಬಣ್ಣದ ಕೆತ್ತನೆಯನ್ನು, ಕಲ್ಲೋ ಕಟ್ಟಿಗೆಯೋ ಎಂಬಂತಿರುವ ಆ ಸೂಕ್ಷ್ಮವನ್ನು, ಅರ್ಧ ಗಂಟೆಯಲ್ಲಿ ನೋಡಿ ಹೊರಟದ್ದು ಅಪರಾಧವೇ ಸರಿ. ಆದರೆ ನಾವು ಹುಡುಕಿಕೊಂಡು ಬಂದ ಲಿಂಗಗಳ ಹೊಳೆಯಿರುವ ಕ್ಬಾಲ್ ಸ್ಪಿಯನ್ ಬಾಗಿಲು ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತದೆ.

ಸೇತುವೆಯ ತಲೆ ಎಂಬುದು ಆ ಹೆಸರಿನ ಅರ್ಥ. ಹೊಳೆಯ ಮೇಲೆ ತಾನಾಗಿಯೇ ಆದ ಬಂಡೆಯ ಸೇತುವೆಯೊಂದಿದೆ. ಬುಡದಿಂದ ಒಂದೂವರೆ ಕಿಲೋಮೀಟರ್ ಕಾಡಿನ ಏರು. ಬೇರುಗಳೇ ಮೆಟ್ಟಿಲು, ಕೆಲವೆಡೆ ಬಂಡೆಗೆ ಆನಿಸಿದ ಮರದ ಏಣಿ. ಇಂಬಳದ ಭಯವಿಲ್ಲದ ಕಾಡಿನಲ್ಲಿ ನಡೆಯುವ ಸುಖ ಮಲೆನಾಡಿನವರಿಗೇ ಗೊತ್ತು, ಸುಟ್ಟ ಕಾಲಿನ ನನಗೂ ಏರು ಭಾರವಾಗಲಿಲ್ಲ. ಹೊರಜಗತ್ತಿಗೆ ಈ ಜಾಗವನ್ನು ತಿಳಿಸಿದ್ದು ಫ್ರೆಂಚ್ ವಿದ್ವಾಂಸ ಜಾನ್ ಬುಲ್ಬೆ, 1969ರಲ್ಲಿ. ಮರುವರ್ಷವೇ ದೇಶ ಯುದ್ಧಕ್ಕೆ ಬಿದ್ದು ಕಾಡು ಮತ್ತೆ ಮುಚ್ಚಿಕೊಂಡಿತು.

ಮೇಲೆ ತಲುಪಿದಾಗ ಮೊದಲು ಏನೂ ಕಾಣಲಿಲ್ಲ. ಮೊಣಕಾಲೂ ಮುಳುಗದ ಸಣ್ಣ ಹೊಳೆ, ಎಲೆಯ ನೆರಳು, ತಿಳಿನೀರು. ಗೈಡ್ ಸುಮ್ಮನೆ ನಿಂತ. ನೀರಿನ ಮೇಲಿನ ಬಿಸಿಲಿನ ಚೂರು ಸರಿದ ಮೇಲೆ, ಹೊಳೆಯ ತಳವಿಡೀ ಚೌಕ ಚೌಕವಾಗಿ, ಸಾಲು ಸಾಲಾಗಿ, ತುಂಡು ಮಾಡಲು ಗೆರೆ ಎಳೆದ ಬರ್ಫಿಯ ತಟ್ಟೆಯಂತೆ ಕಾಣತೊಡಗಿತು. ಒಂದೊಂದು ಚೌಕವೂ ಒಂದು ಲಿಂಗ. ಎತ್ತರ ನಾಲ್ಕು ಬೆರಳಿನಷ್ಟು. ನಡುವೆ ಅಲ್ಲಲ್ಲಿ ದೊಡ್ಡ ಪಾಣಿಪೀಠ, ಅದರೊಳಗೆ ಮಧ್ಯದಲ್ಲೊಂದು, ಮೂಲೆಗೊಂದರಂತೆ ಐದು ಲಿಂಗ. ಸ್ವಲ್ಪ ಮೇಲೆ ಬಂಡೆಯ ಇಳಿಜಾರಿನಲ್ಲಿ ಅನಂತನ ಮೇಲೆ ಒರಗಿದ ವಿಷ್ಣು, ಕಾಲ ಬಳಿ ಲಕ್ಷ್ಮಿ, ಕಮಲದಲ್ಲಿ ಬ್ರಹ್ಮ. ಹನ್ನೊಂದನೆಯ ಶತಮಾನದಲ್ಲಿ ಆರಂಭವಾದ ಕೆಲಸ. 1059ರಲ್ಲಿ ಎರಡನೆಯ ಉದಯಾದಿತ್ಯವರ್ಮ ಇಲ್ಲಿ ಚಿನ್ನದ ಲಿಂಗವೊಂದನ್ನು ಸ್ಥಾಪಿಸಿದನೆಂದು ಶಾಸನವಿದೆ.

"ನಮ್ಮಲ್ಲಿಯ ಹಾಂಗೆ ಇಲ್ಲೆ" ಎಂದು ಭಾವ ಬಹಳ ಹೊತ್ತಿನ ಮೇಲೆ ಹೇಳಿದ. ಅದು ನಿಜ, ಮತ್ತು ನಾವು ಅಷ್ಟು ದೂರ ಹೋದದ್ದರ ಫಲ ಆ ಒಂದು ಮಾತು. ಶಾಲ್ಮಲೆಯ ಲಿಂಗಗಳು ಚದುರಿವೆ. ಒಂದೊಂದಕ್ಕೂ ತನ್ನದೇ ಪೀಠ, ತನ್ನದೇ ಬಸವ, ತನ್ನದೇ ಅಳತೆ. ನೀರಿನಿಂದ ತಲೆಯೆತ್ತಿ ನಿಂತು, ಶಿವರಾತ್ರಿಯ ದಿನ ಹೂವು ಏರಿಸಲು ಬರುವವರ ಕೈಗೆ ಎಟಕುತ್ತವೆ. ಕ್ಬಾಲ್ ಸ್ಪಿಯನ್ ಲಿಂಗಗಳಿಗೆ ಮನುಷ್ಯರ ಕೈ ಬೇಕಿರಲಿಲ್ಲ. ಅವುಗಳನ್ನು ಮುಳುಗಿರಲೆಂದೇ ಕಡೆದದ್ದು. ಮೇಲೆ ಹಾದ ನೀರು ತೀರ್ಥವಾಗಿ ಸಿಯೆಮ್ ರೀಪ್ ನದಿಯನ್ನು ಸೇರಿ, ರಾಜಧಾನಿಯ ಕೆರೆ ಕಂದಕಗಳನ್ನು ತುಂಬಿ, ಗದ್ದೆಗಳಿಗೆ ಹರಿದು, ಕೊನೆಗೆ ತೋನ್ಲೆ ಸಾಪ್ ಸರೋವರಕ್ಕೆ ಇಳಿಯುತ್ತಿತ್ತು. ನಮ್ಮಲ್ಲಿ ದೇವರನ್ನು ಹೊಳೆಯಲ್ಲಿ ಇಟ್ಟರು, ಅಲ್ಲಿ ಹೊಳೆಯನ್ನೇ ದೇವರ ಮೇಲಿನಿಂದ ಹಾಯಿಸಿದರು. ನಮ್ಮ ಶಾಲ್ಮಲೆ ಬೇಡ್ತಿಗೆ ಸೇರಿ, ಗಂಗಾವಳಿಯಾಗಿ ಯಾರ ಕಂದಕವನ್ನೂ ತುಂಬದೆ ಕಡಲಿಗೆ ಹೋಗುತ್ತದೆ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯ ಕಡತ ಮಾತ್ರ ಆಗಾಗ ಧೂಳು ಕೊಡವಿಕೊಂಡು ಏಳುತ್ತದೆ.

ಕೆತ್ತನೆಯನ್ನು ಮುಟ್ಟಬಾರದೆಂಬ ಫಲಕವಿತ್ತು. ಭಾವ ದಂಡೆಯಲ್ಲಿ ಮಂಡಿಯೂರಿ, ನೀರಿಗೆ ತಾಗದಂತೆ ಅಂಗೈಯನ್ನು ಚಾಚಿ, ಒಂದು ಚೌಕದ ಮೇಲೆ ಗೇಣು ಹಿಡಿದು ನೋಡಿದ. ಒಂದು ಗೇಣು, ಮೇಲೆ ಒಂದು ಬೆರಳು. ಪಕ್ಕದ್ದೂ ಅಷ್ಟೇ. ಅದರ ಪಕ್ಕದ್ದೂ. ಕಾವಲಿನವನು ಹತ್ತಿರ ಬಂದು ನಿಂತ. ಭಾವ ಕೈ ಹಿಂದೆ ತೆಗೆದು, ಅವನಿಗೂ ಒಂದು ಹೋಳು ಅಡಿಕೆ ಕೊಟ್ಟ.

ಎಂಟನೆಯ ದಿನ

ತೋನ್ಲೆ ಸಾಪ್ ದಂಡೆಯಲ್ಲಿ ಉದ್ದ ಕಂಬಗಳ ಮೇಲೆ ನಿಂತ ಮನೆಗಳನ್ನು ದೋಣಿಯಿಂದ ನೋಡಿದೆವು. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ, ಸರೋವರದಿಂದ ಹೊರಡುವ ನದಿಯೇ ಹಿಮ್ಮುಖವಾಗಿ ಹರಿದು ಸರೋವರವನ್ನು ಹಲವು ಪಟ್ಟು ಹಿಗ್ಗಿಸುತ್ತದೆಂಬುದನ್ನು ಘಟ್ಟದವರು ಬೆರಗಿನಿಂದ ಕೇಳಿದರು, ಭರತದ ಹೊತ್ತಿನಲ್ಲಿ ಕಾಳಿಯ ಅಳಿವೆ ಒಳಮುಖವಾಗುವುದನ್ನು ದಿನವೂ ನೋಡುವ ಕಾರವಾರದವರು ಇದರಲ್ಲೇನಿದೆ ಎಂಬಂತೆ ಮೀನಿನ ಬುಟ್ಟಿಗಳ ಕಡೆ ನಡೆದರು. ರಾತ್ರಿ ವಿಮಾನ.

ಆ ವರ್ಷ ಶಿವರಾತ್ರಿ ಮಾರ್ಚ್ 8ಕ್ಕೆ ಬಂತು. ಸಹಸ್ರಲಿಂಗದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಬಿಲ್ವಪತ್ರೆಯ ಬುಟ್ಟಿ ಹಿಡಿದು ಕರೆಯುತ್ತಲೇ ಇದ್ದಳು. ಭಾವ ಮಾತ್ರ ಪಂಚೆ ಮೇಲೆ ಕಟ್ಟಿ, ಒಂದು ಬಂಡೆಯಿಂದ ಇನ್ನೊಂದಕ್ಕೆ ದಾಟುತ್ತ, ಒಂದೊಂದೇ ಲಿಂಗಕ್ಕೆ ಗೇಣು ಹಾಕುತ್ತಿದ್ದ. "ಎರಡು ಒಂದೇ ಅಳತೆಯದು ಸಿಕ್ಕಿದ್ದಿಲ್ಲೆ, ತಮಾ" ಎಂದು ಅಲ್ಲಿಂದಲೇ ಕೂಗಿ, ಮುಂದಿನ ಬಂಡೆಗೆ ಕಾಲಿಟ್ಟ.